ಒಂದೇ ಡಿಸ್ಟಿಲರಿ, ಹಲವು ಬಾಟಲಿ: ಸ್ಕಾಚ್‌ಗೆ ಅಂಕ ಕೊಡುವವರಿಗೆ 12 ಸೂತ್ರಗಳು

ಸ್ಕಾಚ್ ಕುಡಿಯುವವರು ಬಹಳ, ಕುಡಿದದ್ದು ಹೇಗಿತ್ತು ಎಂದು ಬಿಡಿಸಿ ಹೇಳಬಲ್ಲವರು ಕಡಿಮೆ. ಇವತ್ತು ಐಲಾ ದ್ವೀಪದ ಬಾಟಲಿ, ಮುಂದಿನ ವಾರ ಸ್ಪೇಸೈಡ್‌ನದು ಎಂದು ಊರೂರು ಸುತ್ತಿದರೆ ನಾಲಿಗೆ ಪಳಗುವುದಿಲ್ಲ. ಬಾರ್ಲಿ ಒಣಗಿಸಿದ ರೀತಿ, ಬಟ್ಟಿ ಇಳಿಸಿದ ಪಾತ್ರೆ, ಮಾಗಿಸಿದ ಪೀಪಾಯಿ ಎಲ್ಲವೂ ಒಟ್ಟಿಗೇ ಬದಲಾದಾಗ ರುಚಿಯ ವ್ಯತ್ಯಾಸ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಒಂದೇ ಡಿಸ್ಟಿಲರಿಯ ಸಿಂಗಲ್ ಮಾಲ್ಟ್‌ಗಳನ್ನು ಸಾಲಾಗಿ ಇಟ್ಟುಕೊಂಡರೆ ಆ ಗೊಂದಲ ಅರ್ಧ ತಗ್ಗುತ್ತದೆ. ಇಲ್ಲಿ ಸ್ಪ್ರಿಂಗ್‌ಬ್ಯಾಂಕ್ ಉದಾಹರಣೆ. ಸೂತ್ರಗಳು ಉಳಿದ ಡಿಸ್ಟಿಲರಿಗಳಿಗೂ ಹೊಂದುತ್ತವೆ.

1. ಆಯ್ಕೆಯಲ್ಲೇ ಅರ್ಧ ಗೆಲುವು

ಹಲವು ಬಗೆ ತಯಾರಿಸುವ ಡಿಸ್ಟಿಲರಿಯನ್ನೇ ಹಿಡಿಯಿರಿ. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಕಡಲಿಗೆ ಚಾಚಿಕೊಂಡ ಕಿನ್‌ಟೈರ್ ಪರ್ಯಾಯ ದ್ವೀಪದಲ್ಲಿ ಕ್ಯಾಂಪ್‌ಬೆಲ್‌ಟೌನ್ ಇದೆ. ಒಂದು ಕಾಲಕ್ಕೆ ಈ ಪುಟ್ಟ ಊರಿನಲ್ಲಿ ಒಂದೇ ಹೊತ್ತಿಗೆ ಹತ್ತಾರು ಡಿಸ್ಟಿಲರಿಗಳು ಹೊಗೆಯಾಡುತ್ತಿದ್ದವು. ಅವುಗಳಲ್ಲಿ ಬಹುಪಾಲು ಮುಚ್ಚಿಹೋದರೂ 1828ರಲ್ಲಿ ಶುರುವಾದ ಸ್ಪ್ರಿಂಗ್‌ಬ್ಯಾಂಕ್ ಉಳಿಯಿತು. ಅದು ತನಗೆ ಬೇಕಾದ ಬಾರ್ಲಿಯನ್ನೆಲ್ಲ ತಾನೇ ನೆಲದ ಮೇಲೆ ಹರಡಿ ಮೊಳಕೆ ಬರಿಸುತ್ತದೆ. ಬಟ್ಟಿ ಇಳಿಸುವುದು, ಮಾಗಿಸುವುದು, ಬಾಟಲಿ ತುಂಬುವುದು ಕೂಡ ಅಲ್ಲೇ. ಹೀಗಾಗಿ ಬಾಟಲಿಯಿಂದ ಬಾಟಲಿಗೆ ಏನು ಬದಲಾಯಿತು ಎಂದು ಪತ್ತೆ ಹಚ್ಚುವುದು ಸುಲಭ.

2. ಮೊದಲು ಮೂರು ಬಗೆಗಳನ್ನು ಅಕ್ಕಪಕ್ಕ ಇಡಿ

ಹೇಜಲ್‌ಬರ್ನ್, ಸ್ಪ್ರಿಂಗ್‌ಬ್ಯಾಂಕ್, ಲಾಂಗ್‌ರೋ: ಈ ಮೂರೂ ಇದೇ ಡಿಸ್ಟಿಲರಿಯವು. ಹೇಜಲ್‌ಬರ್ನ್‌ನ ಬಾರ್ಲಿ ಬರೀ ಬಿಸಿಗಾಳಿಯಲ್ಲಿ ಒಣಗುತ್ತದೆ, ಮೂರು ಸಲ ಬಟ್ಟಿ ಇಳಿಯುತ್ತದೆ. ಸ್ಪ್ರಿಂಗ್‌ಬ್ಯಾಂಕ್‌ಗೆ ಸುಮಾರು 6 ಗಂಟೆ ಪೀಟ್ ಹೊಗೆ, ಆಮೇಲೆ ಬಿಸಿಗಾಳಿ. ಲಾಂಗ್‌ರೋಗೆ 48 ಗಂಟೆಯವರೆಗೂ ಪೀಟ್ ಹೊಗೆ, ಎರಡೇ ಬಟ್ಟಿ. ಪೀಟ್ ಎಂದರೆ ಜೌಗು ನೆಲದಲ್ಲಿ ಕೊಳೆತು ಗಟ್ಟಿಯಾದ ಸಸ್ಯಗಳನ್ನು ಅಗೆದು ಒಣಗಿಸಿದ ಉರುವಲು.

ಸ್ಪ್ರಿಂಗ್‌ಬ್ಯಾಂಕ್ ಬಟ್ಟಿಯ ಲೆಕ್ಕ ವಿಚಿತ್ರ: ಎರಡೂವರೆ ಸಲ. ಮದ್ಯದ ಒಂದು ಭಾಗ ಎರಡು ಸಲ, ಉಳಿದದ್ದು ಮೂರು ಸಲ ಪಾತ್ರೆ ಹತ್ತಿ ಇಳಿಯುತ್ತದೆ. ಹೇಜಲ್‌ಬರ್ನ್ ಹಗುರ, ಲಾಂಗ್‌ರೋ ಹೊಗೆಭರಿತ, ಸ್ಪ್ರಿಂಗ್‌ಬ್ಯಾಂಕ್ ನಡುವಿನದು. 10 ವರ್ಷದ ಹೇಜಲ್‌ಬರ್ನ್, 10 ವರ್ಷದ ಸ್ಪ್ರಿಂಗ್‌ಬ್ಯಾಂಕ್, ವಯಸ್ಸು ನಮೂದಿಸದ ಲಾಂಗ್‌ರೋ ಮೂರರಲ್ಲೂ ಆಲ್ಕೋಹಾಲ್ ಶೇ. 46. ಆದ್ದರಿಂದ ಕಡಕ್ಕಿನ ವ್ಯತ್ಯಾಸ ದಾರಿ ತಪ್ಪಿಸುವುದಿಲ್ಲ. ಡಿಸ್ಟಿಲರಿಯ ಸ್ವಭಾವ ಅರಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

3. ಎಷ್ಟು ಸಂಗತಿ ಬದಲಾಗಿದೆ ಎಂದು ಎಣಿಸಿ

10 ವರ್ಷದ ಸ್ಪ್ರಿಂಗ್‌ಬ್ಯಾಂಕ್‌ನಲ್ಲಿ ಬೋರ್ಬನ್ ಪೀಪಾಯಿಯದೂ ಶೆರ್ರಿ ಪೀಪಾಯಿಯದೂ ಬೆರೆತಿರುತ್ತದೆ. 15 ವರ್ಷದ್ದರಲ್ಲಿ ಶೆರ್ರಿಯದೇ ದರ್ಬಾರು. ಎರಡನೆಯದರಲ್ಲಿ ಒಣದ್ರಾಕ್ಷಿಯ ಸಿಹಿ ಸಿಕ್ಕಿತೆಂದರೆ 'ಐದು ವರ್ಷ ಹೆಚ್ಚು ಮಾಗಿದ್ದರ ಫಲ' ಎಂದು ಬರೆದುಬಿಡಬೇಡಿ. ಅಲ್ಲಿ ವಯಸ್ಸು, ಪೀಪಾಯಿ ಎರಡೂ ಬದಲಾಗಿವೆ. ಬಾಟಲಿ ತೆರೆಯುವ ಮೊದಲೇ ವ್ಯತ್ಯಾಸಗಳ ಪಟ್ಟಿ ಮಾಡಿಕೊಳ್ಳಿ.

4. 15 ಮಿಲಿ ಸಾಕು

ತಲಾ 15 ಮಿಲಿಯಂತೆ ನಾಲ್ಕು ಲೋಟ ಎಂದರೆ ಒಟ್ಟು ಒಂದು ಲಾರ್ಜ್ ಪೆಗ್. ಒಂದು ಸಂಜೆಗೆ ಅದೇ ಮಿತಿ. ವೃತ್ತಿಯವರು ರುಚಿ ನೋಡಿ ಉಗಿಯುತ್ತಾರೆ, ನೀವೂ ಉಗಿಯಬಹುದು. ಅಮಲೇರಿದ ಮೇಲೆ ಎಲ್ಲ ವಿಸ್ಕಿಯೂ ಚೆನ್ನಾಗಿರುತ್ತದೆ, ಆಗ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

5. ಬಾಯಿ ಕಿರಿದಾದ ಲೋಟ ಬಳಸಿ

ಅಗಲ ಬಾಯಿಯ ಲೋಟದಲ್ಲಿ ಘಮ ಚದುರಿಹೋಗುತ್ತದೆ. ಗ್ಲೆನ್‌ಕೇರ್ನ್ ಲೋಟದ ಹಾಗೆ ಕೆಳಗೆ ಉಬ್ಬಿ ಮೇಲೆ ಕಿರಿದಾದದ್ದು ಬೇಕು. ಎಲ್ಲ ವಿಸ್ಕಿಗೂ ಒಂದೇ ಬಗೆಯ ಲೋಟ, ಒಂದೇ ಅಳತೆ. ಐಸ್, ಸೋಡಾ ಬೇಡ.

6. ಊಟಕ್ಕೆ ಮೊದಲು ಕೂತುಕೊಳ್ಳಿ

ಖಾರದ ಕಡಲೆಬೀಜ, ಕಬಾಬು, ಸಿಗರೇಟು ಹತ್ತಿರ ಸುಳಿಯಬಾರದು. ಒಗ್ಗರಣೆಯ ವಾಸನೆ, ಅಗರಬತ್ತಿ, ಸೆಂಟು ಇರುವ ಕೋಣೆಯೂ ಆಗದು. ನಡುನಡುವೆ ನೀರು ಕುಡಿಯಿರಿ, ಬೇಕಿದ್ದರೆ ಸಪ್ಪೆ ಬ್ರೆಡ್ ತಿನ್ನಿ.

7. ಹೊಗೆ ಕಡೆಗೆ ಬರಲಿ

ಹಗುರದಿಂದ ಗಡುಸಿಗೆ, ಕಡಿಮೆ ಆಲ್ಕೋಹಾಲ್‌ನಿಂದ ಹೆಚ್ಚಿಗೆ, ಹೊಗೆಯಿಲ್ಲದ್ದರಿಂದ ಹೊಗೆಯದಕ್ಕೆ ಸಾಗಿ. ಲಾಂಗ್‌ರೋ ಮೊದಲು ಕುಡಿದರೆ ಆಮೇಲೆ ಬರುವ ಹೇಜಲ್‌ಬರ್ನ್ ನೀರುನೀರು ಅನ್ನಿಸುತ್ತದೆ. ಅದು ವಿಸ್ಕಿಯ ತಪ್ಪಲ್ಲ, ಸರದಿಯ ತಪ್ಪು.

8. ಬಾಟಲಿ ಬಚ್ಚಿಡಿ, ಬಣ್ಣ ನಂಬಬೇಡಿ

ಬೇರೆಯವರಿಂದ ಸುರಿಸಿ, ಲೋಟಗಳಿಗೆ ಬರೀ ಸಂಖ್ಯೆ ಹಾಕಿಸಿ. 21 ವರ್ಷದ್ದೆಂದು ಗೊತ್ತಾದರೆ ಕೈ ತಾನಾಗಿ ಹೆಚ್ಚು ಅಂಕ ಬರೆಯುತ್ತದೆ. ಬಣ್ಣಕ್ಕೆ ಅಂಕವೇ ಬೇಡ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿ ಇದೆ. ಸ್ಪ್ರಿಂಗ್‌ಬ್ಯಾಂಕ್ ಬೆರೆಸುವುದಿಲ್ಲ, ಆದರೆ ಅಲ್ಲೂ ಗಾಢ ಬಣ್ಣ ಪೀಪಾಯಿಯ ಗುರುತೇ ಹೊರತು ಗುಣಮಟ್ಟದ್ದಲ್ಲ.

9. ಮೂಗಿಗೆ ಹೆಚ್ಚು ಹೊತ್ತು ಕೊಡಿ

ಲೋಟವನ್ನು ಮೂಗಿಗೆ ತುಸು ದೂರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಉಸಿರೆಳೆಯಿರಿ. ಬಿಟ್ಟು ಬಿಟ್ಟು ಮೂರ್ನಾಲ್ಕು ಸಲ ಮೂಸಿ. ಆಮೇಲೆ ಒಂದು ಗುಟುಕು ಬಾಯೆಲ್ಲ ಆಡಿಸಿ, ನುಂಗಿದ ಮೇಲೆ ಏನು ಉಳಿಯಿತು, ಎಷ್ಟು ಹೊತ್ತು ಉಳಿಯಿತು ಎಂದು ಗಮನಿಸಿ. ಸಿಕ್ಕಿದ್ದನ್ನು ನಿಮಗೆ ಗೊತ್ತಿರುವ ಹೆಸರಿನಲ್ಲೇ ಬರೆಯಿರಿ: ಜೋನಿಬೆಲ್ಲ, ಸೌದೆ ಒಲೆ, ಕಡಲಗಾಳಿಯ ಉಪ್ಪು, ಮಾಗಿದ ಬಾಳೆಹಣ್ಣು. ನೀವು ಕಂಡೇ ಇರದ ಹಣ್ಣಿನ ಹೆಸರನ್ನು ಪುಸ್ತಕದಿಂದ ಎರವಲು ತರಬೇಡಿ.

10. ನೀರು ಹನಿಹನಿಯಾಗಿ

ಮೊದಲು ನೀಟಾಗಿ, ಆಮೇಲೆ ಕೆಲವು ಹನಿ ನೀರು ಹಾಕಿ ಮತ್ತೆ ರುಚಿ ನೋಡಿ. ಹೊಗೆಯ ವಾಸನೆ ತರುವ ಗ್ವಾಯಕಾಲ್ ಎಂಬ ಅಣುವನ್ನು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಆಲ್ಕೋಹಾಲ್ ಶೇ. 45ರವರೆಗೆ ಇದ್ದಾಗ ಈ ಅಣು ದ್ರವದ ಮೇಲ್ಮೈಗೆ ಬರುತ್ತದೆ, ಶೇ. 59ಕ್ಕೆ ಏರಿದರೆ ಆಲ್ಕೋಹಾಲ್‌ನ ನಡುವೆ ಹುದುಗುತ್ತದೆ. 12 ವರ್ಷದ ಸ್ಪ್ರಿಂಗ್‌ಬ್ಯಾಂಕ್ ಕಾಸ್ಕ್ ಸ್ಟ್ರೆಂತ್‌ನಂಥ ಕಡಕ್ ವಿಸ್ಕಿಗೆ ನೀರು ಬೆರೆಸದೆ ಅಂತಿಮ ಅಂಕ ಕೊಡಬೇಡಿ. ನೀರು ಬಿದ್ದಾಗ ಲೋಟ ತುಸು ಮಬ್ಬಾದರೆ ಗಾಬರಿ ಬೇಡ. ತಣಿಸಿ ಸೋಸದ ವಿಸ್ಕಿಯಲ್ಲಿ ಅದು ಸಹಜ.

11. ಮಾತು ಮೊದಲು, ಅಂಕ ಆಮೇಲೆ

ಘಮ, ರುಚಿ, ಕೊನೆಯಲ್ಲಿ ಉಳಿಯುವ ಸ್ವಾದ, ಒಟ್ಟು ಹದ: ಪ್ರತಿಯೊಂದಕ್ಕೆ 25ರಂತೆ ನೂರು ಅಂಕ. 10 ವರ್ಷದ ಸ್ಪ್ರಿಂಗ್‌ಬ್ಯಾಂಕನ್ನೇ ನಿಮ್ಮ ಅಳತೆಗೋಲು ಮಾಡಿಕೊಳ್ಳಿ. ಅದಕ್ಕೆ 85 ಕೊಟ್ಟಿದ್ದೀರಿ ಎನ್ನಿ. ಉಳಿದದ್ದೆಲ್ಲ ಅದಕ್ಕಿಂತ ಮೇಲೋ ಕೆಳಗೋ ಎಂದು ಕೇಳಿಕೊಂಡರೆ ಸಾಕು. ಒಂದೆರಡು ಅಂಕದ ಅಂತರವನ್ನು ಅಂತರವೆಂದೇ ಎಣಿಸಬೇಡಿ. ಬಾಟಲಿಯ ಮೇಲಿನ ದಿನಾಂಕ, ಬ್ಯಾಚ್ ಬರೆದಿಡಿ, ಏಕೆಂದರೆ ಒಂದೇ ಹೆಸರಿನ ಬಾಟಲಿಯೂ ಬ್ಯಾಚ್‌ನಿಂದ ಬ್ಯಾಚ್‌ಗೆ ಬದಲಾಗುತ್ತದೆ. ಕೆಲವು ದಿನ ಬಿಟ್ಟು ಮತ್ತೊಮ್ಮೆ ರುಚಿ ನೋಡದೆ ಅಂಕ ಖಾಯಂ ಮಾಡಬೇಡಿ.

12. ವಯಸ್ಸಿಗೆ, ಬೆಲೆಗೆ ಮಣಿಯಬೇಡಿ

ಲೇಬಲ್ ಹೇಳುವುದು ಬಾಟಲಿಯೊಳಗಿನ ಅತಿ ಕಿರಿಯ ವಿಸ್ಕಿಯ ವಯಸ್ಸನ್ನು ಮಾತ್ರ. ಆ ಅಂಕಿಯನ್ನು ಹವಾಮಾನ ಬಿಟ್ಟು ಓದಲಾಗದು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಅದರ ಹಲವು ಪಟ್ಟು ಆವಿಯಾಗುತ್ತದೆ. ಅದಕ್ಕೇ 2004ರಲ್ಲಿ ಗ್ಲಾಸ್ಗೋದಲ್ಲಿ ಮಾರುಕಟ್ಟೆಗೆ ಬಂದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್, ಚಿಕ್ಕ ವಯಸ್ಸಿನಲ್ಲೇ ಹೆಸರು ಮಾಡಿತು. ಹೆಚ್ಚು ವರ್ಷ ಕೂತದ್ದೆಲ್ಲ ಶ್ರೇಷ್ಠವಲ್ಲ. ಕೆಲವೊಮ್ಮೆ ಮರದ ಒಗರೇ ಮುಂದಾಗಿ ಡಿಸ್ಟಿಲರಿಯ ಸ್ವಂತ ಗುಣ ಹಿಂದೆ ಸರಿಯುತ್ತದೆ.

ಎಲ್ಲ ಅಂಕ ಬರೆದಾದ ಮೇಲೆ ಪ್ರತಿ ವಿಸ್ಕಿಯ ಮುಂದೆ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇದೇ ಬೆಲೆಗೆ ಇನ್ನೊಂದು ಬಾಟಲಿ ಕೊಳ್ಳುತ್ತೀರಾ? 92 ಅಂಕ ಕೊಟ್ಟೂ ಉತ್ತರ 'ಇಲ್ಲ' ಎಂದಾದರೆ ಅಂಕವನ್ನೋ ಬೆಲೆಯನ್ನೋ ಮತ್ತೆ ಪರಿಶೀಲಿಸಿ. ಇಷ್ಟವಾದ ಎರಡು ಬಾಟಲಿ ಸಾಕು, ಇಡೀ ಕಪಾಟು ತುಂಬಬೇಕಿಲ್ಲ. ಆ ರಾತ್ರಿ ಮನೆಗೆ ಹೋಗಲು ಆಟೋ ಹಿಡಿಯಿರಿ.