‘ಎಲ್ಲಿಯವರು?’ ಫ್ರೆಂಚಿನಲ್ಲಿ ಕೇಳುವ ಬಗೆ

ಕೊಡಗಿನಲ್ಲಿ ಹೊಸಬರು ಸಿಕ್ಕರೆ ಹೆಸರಿನ ಬೆನ್ನಿಗೇ ಬರುವ ಪ್ರಶ್ನೆ ‘ಯಾವ ಊರು?’ ಕೊಡವರ ನಡುವೆಯಾದರೆ ‘ಯಾವ ಮನೆ?’ ಎಂದೂ ಕೇಳುತ್ತಾರೆ. ಮನೆತನದ ಹೆಸರೊಂದು ಸಿಕ್ಕರೆ ನಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೋಂಸ್ಟೇಗೆ ಬಂದ ಫ್ರೆಂಚ್ ಮಾತಿನ ಅತಿಥಿಯನ್ನೂ ಹಾಗೆಯೇ ಮಾತಿಗೆಳೆಯಲು ಮೂರು ಪದ ಸಾಕು: ‘ವು ವನೇ ದೂ?’ ವು ಎಂದರೆ ನೀವು, ವನೇ ಬರುತ್ತೀರಿ, ದೂ ಎಲ್ಲಿಂದ. ‘ದೂ ವನೇ ವು?’ ಎಂದು ತಿರುಗಿಸಿದರೂ ಸರಿ, ಸ್ವಲ್ಪ ಗ್ರಾಂಥಿಕ ಅಷ್ಟೆ. ಮಕ್ಕಳನ್ನು, ಗೆಳೆಯರನ್ನು ‘ತ್ಯು ವ್ಯಾಂ ದೂ?’ ಎಂದು ಕೇಳುತ್ತಾರೆ. ಅತಿಥಿಗೆ ಮಾತ್ರ ‘ವು’ ತಪ್ಪಿಸಬೇಡಿ.

ಉತ್ತರ ‘ಝ ವ್ಯಾಂ ದ ಲಿಯೊಂ’ ಎಂದು ಬಂದೀತು: ಲಿಯೊಂ ನಗರದವರು. ಅವರು ಮರಳಿ ‘ಎ ವು?’ (ನೀವೋ?) ಎಂದು ಕೇಳಿದರೆ ‘ಝ ವ್ಯಾಂ ದ ಮಡಿಕೇರಿ’ ಎನ್ನಿ. ಝ ಬರೆದ ಕಡೆ ನಾಲಿಗೆಯನ್ನು ‘ಶ’ಗೆ ಇಟ್ಟಂತೆಯೇ ಇಟ್ಟು ಗಂಟಲಿನಿಂದ ಸದ್ದು ಕೊಡಿ. ವ್ಯಾಂ ಕೊನೆಗೆ ಬಾಯಿ ಮುಚ್ಚಬೇಡಿ, ಉಸಿರು ಮೂಗಿನಲ್ಲಿ ಹೋಗಲಿ.

ದೇಶ ಹೇಳುವಾಗ ಗಂಡು ಹೆಣ್ಣಿನ ಭೇದವಿದೆ. ಗಂಡಸು ‘ಝ ಸ್ವಿ ಆ್ಯಂದ್ಯಾಂ’ (ನಾನು ಭಾರತೀಯ) ಎಂದರೆ, ಹೆಂಗಸು ‘ಆ್ಯಂದ್ಯೆನ್’. ಫ್ರಾನ್ಸಿನವರು ‘ಫ್ರಾಂಸೆ’, ‘ಫ್ರಾಂಸೆಜ಼್’. ಬೆಲ್ಜಿಯಂನವರಿಗೆ ಈ ತಲೆನೋವಿಲ್ಲ, ಇಬ್ಬರೂ ‘ಬೆಲ್ಝ್’. ಅಂದ ಹಾಗೆ, ಫ್ರೆಂಚ್ ಮಾತಾಡುವವರು ಸ್ವಿಟ್ಜರ್ಲೆಂಡಿನಿಂದಲೋ ಕೆನಡಾದ ಕ್ವಿಬೆಕ್‌ನಿಂದಲೋ ಬಂದಿರಬಹುದು. ಕೇಳದೆ ಎಲ್ಲರನ್ನೂ ಫ್ರಾನ್ಸಿಗೆ ಸೇರಿಸಬಾರದು.

‘ಕೆಲ್ ಎ ವೋತ್ರ ನಾಸ್ಯೊನಾಲಿತೇ?’ ಎಂದರೆ ನಿಮ್ಮ ರಾಷ್ಟ್ರೀಯತೆ ಯಾವುದು ಎಂದರ್ಥ. ಇದು ಕಚೇರಿಯ ಪ್ರಶ್ನೆ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಕಳಿಸಬೇಕು, ಅಲ್ಲಿ ಇದು ಬೇಕು. ಆದರೂ ಪಾಸ್‌ಪೋರ್ಟ್ ಕೈಗೆ ಬಂದಿರುತ್ತದಲ್ಲ, ನೋಡಿ ಬರೆದುಕೊಳ್ಳಿ. ಕಾಫಿ ಕೊಡುವಾಗ ಕೇಳಲು ‘ವು ವನೇ ದೂ’ ಒಂದೇ ಚೆಂದ.

ಮುಖ ನೋಡಿ ದೇಶ ಊಹಿಸುವುದಂತೂ ಬೇಡ. 1954ರಲ್ಲಿ ಪುದುಚೇರಿಯ ಆಡಳಿತ ಫ್ರೆಂಚರಿಂದ ಭಾರತದ ಕೈಗೆ ಬಂತು, 1962ರಲ್ಲಿ ಹಸ್ತಾಂತರದ ಒಪ್ಪಂದ ಜಾರಿಯಾಯಿತು. ಆಗ ಅಲ್ಲಿನ ಕೆಲವರು ಫ್ರೆಂಚ್ ಪೌರತ್ವವನ್ನೇ ಉಳಿಸಿಕೊಂಡರು. ಹಾಗಾಗಿ ತಮಿಳು ಮಾತಾಡುವ ಅತಿಥಿಯೂ ‘ಝ ಸ್ವಿ ಫ್ರಾಂಸೆ’ ಎನ್ನಬಹುದು. ಫಾರಂನಲ್ಲಿ ಫ್ರಾನ್ಸ್ ಎಂದೇ ಬರೆಯಿರಿ. ‘ಅದಲ್ಲ, ನಿಜವಾಗಿ ಎಲ್ಲಿಯವರು?’ ಎಂದು ಕೆದಕಿದರೆ ಯಾವ ಭಾಷೆಯಲ್ಲಾದರೂ ಮುಖ ಸಿಂಡರಿಸುತ್ತಾರೆ. ಹೇಳುವ ಮನಸ್ಸಿದ್ದರೆ ಅವರೇ ‘ದೊರಿಝೀನ್ ಆ್ಯಂದ್ಯೆನ್’ ಎಂದು ಸೇರಿಸುತ್ತಾರೆ, ಅಂದರೆ ಮೂಲ ಭಾರತದ್ದು.