ಜರಿಗಿಡದ ಹಾಗೆ ಕಾಣೋದೆಲ್ಲ ಜರಿಗಿಡ ಅಲ್ಲ!

ಇಂಗ್ಲೆಂಡ್ ಅಥವಾ ಅಮೆರಿಕದ ಕಲ್ಲಿದ್ದಲು ಪ್ರದೇಶದಲ್ಲಿ ಕಲ್ಲು ಒಡೆದರೆ, ಒಳಗೆ ಅಚ್ಚು ಒತ್ತಿದ ಹಾಗೆ ಎಲೆಗಳು ಸಿಗುತ್ತವೆ. ನೋಡಿದ ತಕ್ಷಣ 'ಓ, ಜರಿಗಿಡ' ಅಂತೀವಿ. ಆದರೆ ಸುಮಾರು 35.9 ಕೋಟಿಯಿಂದ 29.9 ಕೋಟಿ ವರ್ಷಗಳ ಹಿಂದಿನ ಕಾರ್ಬೊನಿಫೆರಸ್ ಯುಗದ ಇಂಥ ಎಲೆಗಳಲ್ಲಿ ಬಹಳಷ್ಟು ಜರಿಗಿಡದ್ದೇ ಅಲ್ಲ. ಹಾಗಾದರೆ ಗುರುತಿಸೋದು ಹೇಗೆ?

ನುಗ್ಗೆಸೊಪ್ಪು ನೆನಪಿಸಿಕೊಳ್ಳಿ. ದೊಡ್ಡ ಕಡ್ಡಿ, ಅದರಿಂದ ಸಣ್ಣ ಕಡ್ಡಿಗಳು, ಅವುಗಳ ಎರಡೂ ಬದಿ ಪುಟ್ಟ ಎಲೆಗಳು. ಈ ಪುಟ್ಟದನ್ನು ಕಿರುಎಲೆ ಅನ್ನೋಣ. ಇದಕ್ಕೆ ಮೂರು ಪ್ರಶ್ನೆ ಕೇಳಬೇಕು: ಕಡ್ಡಿಗೆ ಹೇಗೆ ಅಂಟಿದೆ? ನಡುನರ ಎಲ್ಲಿವರೆಗೆ ಹೋಗಿದೆ? ಅಂಚು ಹೇಗಿದೆ? ನಮ್ಮ ಇಫ್-ಎಲ್ಸ್ ಥರಾನೇ.

1. ಪೆಕಾಪ್ಟೆರಿಸ್: ಬುಡದ ಪೂರ್ತಿ ಅಗಲ ಕಡ್ಡಿಗೆ ಅಂಟಿರುತ್ತೆ. ಎರಡು ಅಂಚು ಹೆಚ್ಚುಕಮ್ಮಿ ಸಮಾನಾಂತರ, ತುದಿ ದುಂಡಗೆ. ಸಾಲಾಗಿ ನೋಡಿದರೆ ಬಾಚಣಿಗೆ ಹಲ್ಲು.

2. ಅಲೆತಾಪ್ಟೆರಿಸ್: ಇದೂ ಪೂರ್ತಿ ಅಂಟಿರುತ್ತೆ, ಆದರೆ ಬುಡ ಕಡ್ಡಿಯ ಮೇಲೆ ಕೆಳಕ್ಕೆ ಇಳಿದಿರುತ್ತೆ. ನಡುನರ ಗಟ್ಟಿಯಾಗಿ ತುದಿ ಹತ್ತಿರದವರೆಗೂ ಹೋಗುತ್ತೆ.

3. ನ್ಯೂರಾಪ್ಟೆರಿಸ್: ಬುಡ ಹೃದಯದ ಆಕಾರ, ಕಡ್ಡಿಗೆ ಒಂದೇ ಬಿಂದುವಿನಲ್ಲಿ ಅಂಟಿರುತ್ತೆ. ನಡುನರ ತುದಿ ಮುಟ್ಟೋ ಮೊದಲೇ ಕವಲಾಗಿ ಕರಗಿಹೋಗುತ್ತೆ. ಹಿಡಿತ ಕಮ್ಮಿ ಇರೋದರಿಂದ ಒಂಟಿ ಕಿರುಎಲೆಗಳು ಉದುರಿ ಬಿದ್ದು ಪಳೆಯುಳಿಕೆ ಆಗಿರೋದು ಸಾಮಾನ್ಯ.

4. ಓಡಾಂಟಾಪ್ಟೆರಿಸ್: ಬುಡ ಅಗಲ, ಆದರೆ ನಡುನರ ಸ್ಪಷ್ಟವಾಗಿರಲ್ಲ. ಹಲವು ನರಗಳು ನೇರ ಕಡ್ಡಿಯಿಂದಲೇ ಹೊರಡುತ್ತವೆ.

5. ಸ್ಫೀನಾಪ್ಟೆರಿಸ್: ಬುಡ ಬೆಣೆಯ ಹಾಗೆ ಕಿರಿದು, ಅಂಚು ಸೀಳುಸೀಳು.

ಒಂದು ಉದಾಹರಣೆ: ಬುಡ ಪೂರ್ತಿ ಅಂಟಿದೆ, ನಡುನರ ಇದೆ. ಅಲ್ಲಿಗೆ 3, 4, 5 ಔಟ್. ಬುಡ ಕೆಳಕ್ಕೆ ಇಳಿದಿದೆಯಾ? ಹೌದು ಅಂದರೆ ಅಲೆತಾಪ್ಟೆರಿಸ್. ನರಗಳು ಮಸುಕಾಗಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡೀರಿ, ನೆರಳಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ.

ಈಗ ಮುಖ್ಯ ವಿಷಯ. ಈ ಹೆಸರುಗಳು ಎಲೆಯ ಆಕಾರಕ್ಕೆ ಕೊಟ್ಟಿದ್ದು, ಇಡೀ ಗಿಡಕ್ಕಲ್ಲ. ಜರಿಗಿಡಕ್ಕೆ ಬೀಜ ಇರಲ್ಲ, ಬೀಜಕಣಗಳು ಮಾತ್ರ. ಆದರೆ 1903-04ರಲ್ಲಿ ಬ್ರಿಟನ್ನಿನ ಆಲಿವರ್ ಮತ್ತು ಸ್ಕಾಟ್ ಒಂದು ಪಳೆಯುಳಿಕೆ ಬೀಜದ ಹೊದಿಕೆಯ ಮೇಲೆ ವಿಶಿಷ್ಟ ಗ್ರಂಥಿಗಳನ್ನು ನೋಡಿದರು. ಅಂಥದ್ದೇ ಗ್ರಂಥಿಗಳು ಜರಿಗಿಡದಂಥ ಎಲೆಯಿದ್ದ ಒಂದು ಸಸ್ಯದ ಮೇಲೂ ಇದ್ದವು! ಬೀಜ ಆ ಸಸ್ಯದ್ದೇ ಅಂತ ಹೀಗೆ ಗೊತ್ತಾಯಿತು. ಈ ಗುಂಪಿಗೆ 'ಬೀಜ ಜರಿಗಿಡಗಳು' ಅಂತ ಹೆಸರು ಬಂತು. ಅಲೆತಾಪ್ಟೆರಿಸ್, ನ್ಯೂರಾಪ್ಟೆರಿಸ್ ಈ ಗುಂಪಿನವು. ಪೆಕಾಪ್ಟೆರಿಸ್ ಬಹುತೇಕ ನಿಜವಾದ ಮರಜರಿಗಳದ್ದು. ಸ್ಫೀನಾಪ್ಟೆರಿಸ್‌ನಲ್ಲಿ ಎರಡೂ ಥರ ಇವೆ, ಎಲೆಯ ಆಕಾರ ಮಾತ್ರ ನೋಡಿ ಹೇಳೋಕಾಗಲ್ಲ.

ಅಂದಹಾಗೆ, ಭಾರತದ ಕಲ್ಲಿದ್ದಲಿನಲ್ಲಿ ಇವನ್ನು ಹುಡುಕಬೇಡಿ. ನಮ್ಮ ಗೊಂಡ್ವಾನಾ ಕಲ್ಲಿದ್ದಲು ಮುಖ್ಯವಾಗಿ ಮುಂದಿನ ಪರ್ಮಿಯನ್ ಯುಗದ್ದು. ಅಲ್ಲಿ ಸಿಗೋದು ನಾಲಿಗೆಯಾಕಾರದ ಗ್ಲಾಸಾಪ್ಟೆರಿಸ್ ಎಲೆ. ಅದರ ಹೆಸರಲ್ಲೂ ಜರಿಗಿಡ ಅನ್ನೋ ಅರ್ಥದ 'ಪ್ಟೆರಿಸ್' ಇದೆ, ಆದರೆ ಅದೂ ಬೀಜದ ಸಸ್ಯವೇ!