ಅಶ್ವಶಕ್ತಿಯ ಲೆಕ್ಕ: ಎರಡು ಕಾರುಗಳ ತುಲನೆ

ಮೋಟಾರು ವಾಹನದ ಹಿರಿಮೆಯನ್ನು ಅದರ ಅಶ್ವಶಕ್ತಿಯಿಂದಲೇ ಅಳೆಯುವುದು ನಮ್ಮಲ್ಲಿ ಹಲವರ ವಾಡಿಕೆ. ಈ ಅಳತೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಎರಡು ಕಾರುಗಳ ಹೋಲಿಕೆಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಒಂದು, ಅಮೆರಿಕದ 1964ರ ಪಾಂಟಿಯಾಕ್ ಜಿ.ಟಿ.ಓ.; ಇನ್ನೊಂದು, ಅದೇ ದೇಶದಲ್ಲಿ 2018ರಲ್ಲಿ ಮಾರಾಟವಾದ ಆರು ಸಿಲಿಂಡರುಗಳ ಟೊಯೋಟಾ ಕ್ಯಾಮ್ರಿ ಸೆಡಾನ್.

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂಡಿಸಿ ಸಾಧಾರಣ ಬೆಲೆಗೆ ಮಾರುವುದೇ 'ಮಸಲ್ ಕಾರು'ಗಳ ಮೂಲತತ್ತ್ವ. ಜನರಲ್ ಮೋಟಾರ್ಸ್ ಸಂಸ್ಥೆಯು ಇಂತಹ ಕಾರುಗಳ ಎಂಜಿನ್ನಿಗೆ 330 ಘನ ಅಂಗುಲದ ಮಿತಿಯನ್ನು ವಿಧಿಸಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ನರೂ ಅವರ ಸಂಗಡಿಗರೂ 389 ಘನ ಅಂಗುಲದ, ಎಂದರೆ 6.4 ಲೀಟರಿನ ಎಂಜಿನ್ನನ್ನು, ಬೇಕಾದವರು ಕೇಳಿ ಪಡೆಯಬಹುದಾದ ಹೆಚ್ಚುವರಿ ಸಲಕರಣೆಯೆಂದು ಹೆಸರಿಸಿ ಆ ಕಟ್ಟಳೆಯಿಂದ ನುಣುಚಿಕೊಂಡರು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು.

ಆ ಎಂಜಿನ್ನಿಗೆ 325 ಅಶ್ವಶಕ್ತಿ, ಕ್ಯಾಮ್ರಿಯ 3.5 ಲೀಟರಿನ ಎಂಜಿನ್ನಿಗೆ 301. ಹಳೆಯದೇ ಬಲಶಾಲಿಯೆಂದು ತೋರುವುದು ಸಹಜ. ಆದರೆ ಅಳೆದ ಬಗೆ ಬೇರೆ. ಅಂದು ಗಾಳಿ ಸೋಸುವ ಫಿಲ್ಟರ್, ಸೈಲೆನ್ಸರ್ ಮೊದಲಾದವುಗಳನ್ನು ಕಳಚಿ, ಬರಿಯ ಎಂಜಿನ್ನನ್ನು ಓಡಿಸಿ ಅಳೆಯುತ್ತಿದ್ದರು. ಇದು 'ಸ್ಥೂಲ' ಅಶ್ವಶಕ್ತಿ. 1972ರ ಮಾದರಿಗಳಿಂದ ಅವೆಲ್ಲವನ್ನೂ ಜೋಡಿಸಿ ಅಳೆಯುವ 'ನಿವ್ವಳ' ಕ್ರಮ ಅಮೆರಿಕದಲ್ಲಿ ರೂಢಿಗೆ ಬಂತು. ಆದುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸುವುದು ತೌಡುಸಹಿತ ಅಕ್ಕಿಯನ್ನು ತೌಡು ತೆಗೆದ ಅಕ್ಕಿಯೊಡನೆ ತೂಗಿದಂತೆ. ಹಳೆಯ ಲೆಕ್ಕವನ್ನೇ ಒಪ್ಪಿದರೂ ಲೀಟರಿಗೆ ಜಿ.ಟಿ.ಓ. ನೀಡುವುದು ಸುಮಾರು 51 ಅಶ್ವಶಕ್ತಿ, ಕ್ಯಾಮ್ರಿ 86. ಸಿಲಿಂಡರಿಗೆ ಎರಡರ ಬದಲು ನಾಲ್ಕು ಕವಾಟಗಳು, ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಏರ್ಪಾಡು ಇದಕ್ಕೆ ಮುಖ್ಯ ಕಾರಣಗಳು.

ಇನ್ನು ನಿಲ್ಲುವ ಮಾತು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದೆಂದು ಭೌತಶಾಸ್ತ್ರ ಓದಿದವರೆಲ್ಲ ಬಲ್ಲರು. ಬ್ರೇಕು ಆ ಶಕ್ತಿಯನ್ನೆಲ್ಲ ಶಾಖವಾಗಿ ಮಾರ್ಪಡಿಸಬೇಕು. ಜಿ.ಟಿ.ಓ.ದ ನಾಲ್ಕೂ ಚಕ್ರಗಳಿಗಿದ್ದುದು ಡ್ರಮ್ ಬ್ರೇಕು. ಪದೇಪದೇ ಒತ್ತಿದಾಗ ಡ್ರಮ್ಮು ಕಾಯ್ದು ಹಿಗ್ಗಿ, ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ, ಹಿಡಿತ ಸಡಿಲುತ್ತದೆ. ಕ್ಯಾಮ್ರಿಯ ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಅಲ್ಲದೆ ಕಾರು ಜಾರತೊಡಗಿದರೆ ತಕ್ಕ ಚಕ್ರಕ್ಕೆ ತಡೆಯೊಡ್ಡುವ, ಪಾದಚಾರಿ ಅಡ್ಡಬಂದರೆ ತಾನೇ ಬ್ರೇಕು ಹಾಕಲು ಯತ್ನಿಸುವ ಸಾಧನಗಳೂ ಅದರಲ್ಲಿವೆ.

ಈ ಬದಲಾವಣೆ ತಾನಾಗಿ ಬಂದುದಲ್ಲ. 1965ರಲ್ಲಿ ರಾಲ್ಫ್ ನಾಡರರ ಗ್ರಂಥವು ಕಾರುಗಳ ಅಪಾಯವನ್ನು ಬಯಲಿಗೆಳೆಯಿತು. 1966ರಲ್ಲಿ ಸುರಕ್ಷತೆಯ ಶಾಸನವೂ, 1970ರಲ್ಲಿ ಶುದ್ಧ ವಾಯುವಿನ ಶಾಸನವೂ ಬಂದವು. 1973ರ ತೈಲ ಬಿಕ್ಕಟ್ಟು ಮಿತವ್ಯಯವನ್ನು ಕಲಿಸಿತು.

ಹಳೆಯ ಕಾರಿಗೆ ಗುಣವಿಲ್ಲವೆಂದಲ್ಲ. ಅದರ ಎಂಜಿನ್ನನ್ನು ಮಾಲೀಕನೇ ಸ್ಪ್ಯಾನರ್ ಹಿಡಿದು ದುರಸ್ತಿ ಮಾಡಬಹುದಿತ್ತು. ಹೊಸದರ ದೋಷವನ್ನರಿಯಲು ಗಣಕಯಂತ್ರವೇ ಬೇಕಾಗುತ್ತದೆ. ಆದರೆ ಹಳೆಯದು ಗಮನಿಸಿದ್ದು ಚಾಲಕನ ಉತ್ಸಾಹವನ್ನು ಮಾತ್ರ. ಹೊಸದು ರಸ್ತೆ ದಾಟುವ ಅಪರಿಚಿತನನ್ನೂ ಗಮನಿಸುತ್ತದೆ. ಯಂತ್ರದ ಪ್ರಗತಿಯನ್ನು ಅಳೆಯುವಾಗ ಅಶ್ವಶಕ್ತಿಯ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯುವುದು ವಿದ್ಯಾವಂತರಾದ ನಮಗೆ ಉಚಿತ.